ಜಹನ್ನುಮ್ ಅನ್ನುವ ಹಳ್ಳ: ಒಂದು ಜಮೀನಿನ ಹೆಸರು ನರಕವಾದ ಕತೆ

ನಮ್ಮ ಓಣಿಯಲ್ಲಿ ಒಬ್ಬರು ಖಾಲಾ ಇದ್ದರು. ಮೇಕೆ ಅಂಗಳಕ್ಕೆ ನುಗ್ಗಿದರೆ, ಕರೆಂಟು ಹೋದರೆ, ಮೊಮ್ಮಗ ಹಾಲು ಚೆಲ್ಲಿದರೆ, ಎಲ್ಲದಕ್ಕೂ ಅವರ ಬಾಯಲ್ಲಿ ಒಂದೇ ಮಾತು: "ಜಹನ್ನುಮ್ ಮೇ ಜಾ." ಹಿಂದಿ ಸಿನಿಮಾ ನೋಡಿದವರಿಗೂ ಈ ಬೈಗುಳ ಗೊತ್ತಿರುತ್ತದೆ. ನರಕಕ್ಕೆ ಹೋಗು ಅಂತ ಅರ್ಥ, ಅಷ್ಟೇ ಅಂದುಕೊಂಡಿದ್ದೆ. ಆಮೇಲೆ ಎಷ್ಟೋ ವರ್ಷಕ್ಕೆ ಗೊತ್ತಾದದ್ದು ಏನೆಂದರೆ, ಜಹನ್ನುಮ್ ಒಂದು ಹಳ್ಳದ ಹೆಸರು. ಹಳ್ಳ ಇರುವುದು ಜೆರುಸಲೇಮಿನ ಹಳೇ ಪೇಟೆಯ ಕೋಟೆ ಗೋಡೆಯ ಪಕ್ಕದಲ್ಲಿ. ಈಗಲೂ ಇದೆ. ಮೊಬೈಲಿನ ಮ್ಯಾಪಿನಲ್ಲಿ ಹುಡುಕಿದರೆ ಸಿಗುತ್ತದೆ. ಅದರ ಮೇಲೆ ತೂಗುಸೇತುವೆ ಇದೆ, ದಂಡೆಯಲ್ಲಿ ಸಿನಿಮಾ ಥಿಯೇಟರ್ ಇದೆ, ಒಂದು ತುದಿಯಲ್ಲಿ ಆಲಿವ್ ತೋಟಗಳಿವೆ, ಆ ತೋಟಗಳು ಯಾರವು ಅಂತ ಜಗಳವೂ ಇದೆ.

ಈ ಜಗಳದ ಸುದ್ದಿ ಓದುವಾಗ ಒಂದು ತಮಾಷೆ ಕಾಣುತ್ತದೆ. ಅದೇ ಹಳ್ಳಕ್ಕೆ ಎರಡು ಹೆಸರು. ಇಸ್ರೇಲಿ ಬೋರ್ಡುಗಳಲ್ಲಿ ಅದು "ಗೆ ಬೆನ್ ಹಿನ್ನೋಮ್". ಪಕ್ಕದ ಸಿಲ್ವಾನ್ ಬಡಾವಣೆಯ ಪ್ಯಾಲೆಸ್ಟೀನಿಯರಿಗೆ ಅದು "ವಾದಿ ರಬಾಬಾ". ಹೆಸರಲ್ಲೇನಿದೆ ಬಿಡಿ ಅನ್ನಬಹುದು. ಆದರೆ ಈ ಹಳ್ಳದ ಎರಡೂವರೆ ಸಾವಿರ ವರ್ಷದ ಕತೆ ನೋಡಿದರೆ, ಇಲ್ಲಿ ನೆಲಕ್ಕಿಂತ ಜಾಸ್ತಿ ಕೆಲಸ ಮಾಡಿರುವುದು ಹೆಸರೇ. ಅಲ್ಲಿ ನಿಜಕ್ಕೂ ಏನು ನಡೆಯಿತು ಅನ್ನುವುದಕ್ಕಿಂತ, ಅದನ್ನು ಯಾರು ಏನಂತ ಕರೆದರು ಅನ್ನುವುದರಿಂದ ಅದು ನರಕವಾಯಿತು.

ಮೊದಲು ಪದ ಬಿಡಿಸೋಣ. ಹೀಬ್ರೂದಲ್ಲಿ "ಗೆ" ಅಂದರೆ ಕಣಿವೆ. "ಬೆನ್" ಅಂದರೆ ಮಗ. ಗೆ ಬೆನ್ ಹಿನ್ನೋಮ್ ಅಂದರೆ ಹಿನ್ನೋಮನ ಮಗನ ಕಣಿವೆ. ಕನ್ನಡ ಬೈಬಲ್ಲಿನಲ್ಲಿ ಇದನ್ನು ತಗ್ಗು ಅಂತ ಕರೆದಿದ್ದಾರೆ, ಸರಿಯಾದ ಪದವೇ. ಈ ಹಿನ್ನೋಮ್ ಯಾರು? ಗ್ರಂಥ ಎಲ್ಲೂ ಹೇಳುವುದಿಲ್ಲ. ಕೆಲವರು ಗೋಳಾಟ, ನರಳಾಟ ಅನ್ನುವ ಅರ್ಥದ ಹೀಬ್ರೂ ಧಾತುವಿನಿಂದ ಈ ಹೆಸರನ್ನು ಎಳೆದು ತರಲು ನೋಡಿದ್ದಾರೆ. ನರಕ ಅಂದಮೇಲೆ ನರಳಾಟ ಇರಬೇಕಲ್ಲ, ಅದಕ್ಕೆ. ನನಗೆ ಇದು ಕತೆ ಗೊತ್ತಾದ ಮೇಲೆ ಹೆಸರಿಗೆ ಅರ್ಥ ಹಚ್ಚಿದ ಹಾಗೆ ಕಾಣುತ್ತದೆ. ನಮ್ಮ ಹಳ್ಳಿಗಳಲ್ಲಿ ಗೌಡರ ಹಳ್ಳ, ಶಾನುಭೋಗರ ಗದ್ದೆ ಅಂತ ಇರುತ್ತದಲ್ಲ, ಹಾಗೆ ಯಾವುದೋ ಕಾಲದ ಜಮೀನುದಾರನ ಮಗನ ಹೆಸರು ನೆಲಕ್ಕೆ ಅಂಟಿಕೊಂಡಿದೆ ಅನ್ನುವುದೇ ಸಹಜ.

ಹೆಸರು ಬರುವ ಜಾಗವೂ ಅದನ್ನೇ ಹೇಳುತ್ತದೆ. ಬೈಬಲ್ಲಿನ ಯೆಹೋಶುವನ ಗ್ರಂಥದ 15ನೇ ಅಧ್ಯಾಯದಲ್ಲಿ ಯೆಹೂದ ಕುಲದ ಜಮೀನಿನ ಗಡಿ ಬರೆದಿದ್ದಾರೆ. ಓದಿದರೆ ನಮ್ಮ ಕ್ರಯಪತ್ರದ ಚೆಕ್ಕುಬಂದಿ ಓದಿದ ಹಾಗೇ ಇದೆ: ಇಲ್ಲಿಂದ ಹೊರಟು, ಇಂಥ ಬುಗ್ಗೆ ದಾಟಿ, ಬೆನ್ ಹಿನ್ನೋಮನ ತಗ್ಗು ಹತ್ತಿ, ಯೆಬೂಸಿಯರ ಬೆಟ್ಟದ ತೆಂಕಣ ಹೆಗಲಿಗೆ, ಅಂದರೆ ಜೆರುಸಲೇಮಿಗೆ. 18ನೇ ಅಧ್ಯಾಯದಲ್ಲಿ ಅದೇ ಗಡಿ ಬೆನ್ಯಾಮೀನ್ ಕುಲದ ಕಡೆಯಿಂದ ಇನ್ನೊಮ್ಮೆ. ಇಲ್ಲಿ ಬೆಂಕಿ ಇಲ್ಲ, ಹುಳ ಇಲ್ಲ, ಶಾಪ ಇಲ್ಲ. ಎರಡು ಕುಲಗಳ ನಡುವಿನ ಒಂದು ಗಡಿಗುರುತು, ಅಷ್ಟೇ.

ಹಳ್ಳದ ಆಕಾರ ತಲೆಯಲ್ಲಿ ಇದ್ದರೆ ಮುಂದಿನದು ಸುಲಭ. ಹಳೇ ಪೇಟೆಯ ಪಡುವಣದಲ್ಲಿ, ಯಾಫಾ ಬಾಗಿಲಿನ ಆಚೆ ಶುರುವಾಗಿ ಕೆಳಗೆ ತೆಂಕಣಕ್ಕೆ ಇಳಿಯುತ್ತದೆ. ಸಿಯೋನ್ ಬೆಟ್ಟವನ್ನು ಎಡಕ್ಕೆ ಬಿಟ್ಟು ಮೂಡಣಕ್ಕೆ ತಿರುಗುತ್ತದೆ. ಕೊನೆಗೆ ಆ ಕಡೆಯಿಂದ ಬರುವ ಕಿದ್ರೋನ್ ಕಣಿವೆಗೆ ಸೇರುತ್ತದೆ. ದೊಡ್ಡದೇನಲ್ಲ, ಆರಾಮಾಗಿ ನಡೆದರೂ ಒಂದು ಗಂಟೆಯೊಳಗೆ ಮುಗಿಯುತ್ತದೆ.

ಹೆಸರು ಕೆಟ್ಟದ್ದು ಕ್ರಿಸ್ತಪೂರ್ವ 8 ಮತ್ತು 7ನೇ ಶತಮಾನದಲ್ಲಿ. ಆಹಾಜ, ಮನಸ್ಸೆ ಅನ್ನುವ ಯೆಹೂದದ ಇಬ್ಬರು ರಾಜರು ಈ ತಗ್ಗಿನಲ್ಲಿ ತಮ್ಮ ಮಕ್ಕಳನ್ನೇ ಬೆಂಕಿಗೆ ಕೊಟ್ಟರು ಅಂತ ಪೂರ್ವಕಾಲವೃತ್ತಾಂತದ ಎರಡನೇ ಗ್ರಂಥ ಹೇಳುತ್ತದೆ. ಆ ಜಾಗಕ್ಕೆ ತೋಫೆತ್ ಅಂತ ಹೆಸರು. ಕ್ರಿಸ್ತಪೂರ್ವ 622ರ ಸುಮಾರಿಗೆ ಯೋಷೀಯ ರಾಜ ದೇವಾಲಯ ಶುದ್ಧಿ ಮಾಡುವಾಗ ತೋಫೆತನ್ನೂ ಹೊಲೆ ಮಾಡಿಸಿದ, ಇನ್ನು ಮುಂದೆ ಯಾರೂ ಅಲ್ಲಿ ಮಗ ಅಥವಾ ಮಗಳನ್ನು ಮೋಲೆಕ್ ಅನ್ನುವ ದೇವರಿಗೆ ಅಂತ ಬೆಂಕಿ ದಾಟಿಸಬಾರದು ಅಂತ.

ತೋಫೆತ್ ಅನ್ನುವ ಪದದ ಮೇಲೇ ಒಂದು ಲೇಖನ ಬರೆಯಬಹುದು. ಒಲೆ, ಅಗ್ಗಿಷ್ಟಿಕೆ ಅನ್ನುವ ಅರ್ಥದ ಅರಾಮಿಕ್ ಪದಕ್ಕೆ ಇದು ಹತ್ತಿರ ಅಂತ ಹಲವು ವಿದ್ವಾಂಸರು ಒಪ್ಪುತ್ತಾರೆ. ಸುಡುವ ಜಾಗ, ಸರಿ. ಆದರೆ ಜನಕ್ಕೆ ಇಷ್ಟವಾದದ್ದು ಇನ್ನೊಂದು ವಿವರಣೆ. ಹೀಬ್ರೂದಲ್ಲಿ "ತೋಫ್" ಅಂದರೆ ತಮಟೆಯಂಥ ವಾದ್ಯ. ಮಗುವಿನ ಕಿರುಚಾಟ ಅಪ್ಪನ ಕಿವಿಗೆ ಬೀಳದಿರಲಿ ಅಂತ ಪೂಜಾರಿಗಳು ಜೋರಾಗಿ ಬಾರಿಸುತ್ತಿದ್ದರು, ಅದಕ್ಕೇ ತೋಫೆತ್ ಅಂತ 11ನೇ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿ ಬರೆದಿದ್ದಾರೆ. ಭಾಷಾಶಾಸ್ತ್ರ ಒಪ್ಪುತ್ತದೋ ಇಲ್ಲವೋ, ಒಮ್ಮೆ ಕೇಳಿದ ಮೇಲೆ ತಲೆಯಿಂದ ಹೋಗದ ವಿವರ ಇದು.

ಹಾಗಾದರೆ ಅಲ್ಲಿ ನಿಜಕ್ಕೂ ಮಕ್ಕಳನ್ನು ಸುಟ್ಟರಾ?

ಇದಕ್ಕೆ ಹೌದು, ಇಲ್ಲ ಅಂತ ಒಂದೇ ಏಟಿಗೆ ಹೇಳುವವರನ್ನು ನಂಬಬೇಡಿ. ಟ್ಯುನೀಷಿಯಾದ ಕಾರ್ತೇಜಿನಲ್ಲಿ 1921ರಲ್ಲಿ ಒಂದು ಜಾಗ ಸಿಕ್ಕಿತು. ಸುಟ್ಟ ಎಳೇ ಮಕ್ಕಳ, ಕುರಿಮರಿಗಳ ಮೂಳೆ ತುಂಬಿದ ಮಡಕೆಗಳು ನೆಲದೊಳಗೆ ಸಾಲು ಸಾಲು. ಕಾರ್ತೇಜ್ ಕಟ್ಟಿದವರು ಫಿನಿಷಿಯನ್ನರು, ಇಸ್ರೇಲಿನ ನೆರೆಯವರು, ಹತ್ತಿರದ ಭಾಷೆಯವರು. ಅಗೆದವರು ಬೈಬಲ್ಲಿನಿಂದಲೇ ಹೆಸರು ಎತ್ತಿಕೊಂಡು ಆ ಜಾಗವನ್ನೂ ತೋಫೆತ್ ಅಂದರು. ಈಗ ತಮಾಷೆ ನೋಡಿ: ಅಲ್ಲಿ ಮಡಕೆ ಇದೆ, ಮೂಳೆ ಇದೆ, ಆದರೆ ತೋಫೆತ್ ಅನ್ನುವ ಹೆಸರು ಆ ಊರಿನದಲ್ಲ. ಹಿನ್ನೋಮಿನಲ್ಲಿ ಹೆಸರು ಇದೆ, ಆದರೆ ಅಂಥ ಒಂದು ಮಡಕೆಯೂ ಇದುವರೆಗೆ ಸಿಕ್ಕಿಲ್ಲ. ಕಾರ್ತೇಜಿನ ಮಕ್ಕಳು ಬಲಿಯೋ, ಸಹಜವಾಗಿ ಸತ್ತು ಸುಡಲ್ಪಟ್ಟ ಶಿಶುಗಳೋ ಅನ್ನುವ ಚರ್ಚೆ ಕೂಡ ಇನ್ನೂ ನಿಂತಿಲ್ಲ. ಇನ್ನು ಮೋಲೆಕ್. ಅದು ದೇವರ ಹೆಸರೇ ಅಲ್ಲ, ಒಂದು ಬಗೆಯ ಬಲಿಯ ಹೆಸರು ಅಂತ ಜರ್ಮನ್ ವಿದ್ವಾಂಸ ಒಟ್ಟೋ ಐಸ್‌ಫೆಲ್ಟ್ 1935ರಲ್ಲಿ ಕಾರ್ತೇಜ್ ಕಡೆಯ ಶಾಸನಗಳನ್ನು ಇಟ್ಟುಕೊಂಡು ವಾದ ಮಾಡಿದರು. ಒಪ್ಪಿದವರೂ ಇದ್ದಾರೆ, ಒಪ್ಪದವರೂ ಇದ್ದಾರೆ.

ನನಗೆ ಇಲ್ಲಿ ಜಾಸ್ತಿ ತೂಕದ ಸಾಕ್ಷಿ ಅನ್ನಿಸುವುದು ಬೈಬಲ್ಲಿನ ಪ್ರವಾದಿ ಯೆರೆಮೀಯನ ಒಂದು ಮಾತು. ಈ ತಗ್ಗಿನ ಬಲಿಯ ಬಗ್ಗೆ ದೇವರ ಬಾಯಲ್ಲಿ ಅವನು ಹೇಳಿಸುವುದು ಹೀಗೆ: ನಾನು ಇದನ್ನು ಆಜ್ಞಾಪಿಸಲಿಲ್ಲ, ಇದು ನನ್ನ ಮನಸ್ಸಿಗೂ ಬಂದಿರಲಿಲ್ಲ. ಒಂದು ಸಲವಲ್ಲ, 7, 19 ಮತ್ತು 32ನೇ ಅಧ್ಯಾಯಗಳಲ್ಲಿ ಮೂರು ಸಲ. ಯಾರೂ ಆರೋಪ ಮಾಡದಿದ್ದರೆ ಯಾರಾದರೂ ಮೂರು ಸಲ ಅಲ್ಲಗಳೆಯುತ್ತಾರಾ? ಅಂದರೆ ಊರಲ್ಲಿ ಕೆಲವರಾದರೂ, ನಾವು ಮಾಡುತ್ತಿರುವುದು ನಮ್ಮ ದೇವರಿಗೇ, ಅವನೇ ಕೇಳಿದ್ದು ಅಂತ ನಂಬಿದ್ದರು. ಪರದೇಶದ ದೇವರ ಪೂಜೆ ಅಂತ ಸುಲಭವಾಗಿ ತಳ್ಳಿಹಾಕುವ ಹಾಗಿಲ್ಲ. ಪ್ರವಾದಿಯ ಸಿಟ್ಟಿನ ಬಿಸಿ ಅಲ್ಲಿಂದ ಬಂದದ್ದು ಅನ್ನಿಸುತ್ತದೆ.

ಆ ಸಿಟ್ಟಿನಲ್ಲಿ ಅವನು ಮಾಡಿದ ಮೊದಲ ಕೆಲಸ ಹೆಸರು ಬದಲಿಸಿದ್ದು. ದಿನ ಬರುತ್ತದೆ, ಇದನ್ನು ತೋಫೆತ್ ಅಂತಲೂ ಕರೆಯುವುದಿಲ್ಲ, ಬೆನ್ ಹಿನ್ನೋಮ್ ಅಂತಲೂ ಕರೆಯುವುದಿಲ್ಲ, ಕೊಲೆಯ ಕಣಿವೆ ಅಂತ ಕರೆಯುತ್ತಾರೆ ಅಂತ ಸಾರಿದ. ಹೂಳಲು ಜಾಗ ಸಾಲದಷ್ಟು ಹೆಣ ಬೀಳುತ್ತವೆ ಅಂದ. 19ನೇ ಅಧ್ಯಾಯದಲ್ಲಂತೂ ಕುಂಬಾರನ ಹತ್ತಿರ ಒಂದು ಮಣ್ಣಿನ ಹೂಜಿ ಕೊಂಡು, ಊರಿನ ಹಿರಿಯರನ್ನು ಕರೆದುಕೊಂಡು, ಮಡಕೆ ಚೂರಿನ ಬಾಗಿಲಿಂದ ಈ ತಗ್ಗಿಗೆ ಇಳಿದು, ಎಲ್ಲರ ಕಣ್ಣೆದುರು ಹೂಜಿ ಒಡೆದ. ಹೀಗೇ ಈ ಊರು ಒಡೆಯುತ್ತದೆ, ಮತ್ತೆ ಕೂಡಿಸಲಾಗದು ಅಂತ. ಕ್ರಿಸ್ತಪೂರ್ವ 586ರಲ್ಲಿ ಬಾಬಿಲೋನಿನವರು ಬಂದು ಊರು ಸುಟ್ಟರು.

ಇದೇ ಹೊತ್ತಿಗೆ ಇದೇ ಹಳ್ಳದ ದಂಡೆಯ ಮೇಲೆ ಇನ್ನೇನು ನಡೆಯುತ್ತಿತ್ತು ಅನ್ನುವುದು 1979ರಲ್ಲಿ ಗೊತ್ತಾಯಿತು. ಗೊತ್ತಾದ ಬಗೆಯೇ ಒಂದು ಚಂದದ ಪ್ರಸಂಗ. ಸ್ಕಾಟಿಷ್ ಚರ್ಚಿನ ಹಿಂದಿನ ಇಳಿಜಾರಿನಲ್ಲಿ ಪುರಾತತ್ವಜ್ಞ ಗೇಬ್ರಿಯಲ್ ಬಾರ್ಕೈ ಬಂಡೆಯಲ್ಲಿ ಕೊರೆದ ಹಳೇ ಗೋರಿಗಳನ್ನು ಅಗೆಯುತ್ತಿದ್ದರು. ಕೂಲಿಗೆ ದುಡ್ಡಿಲ್ಲ, ಹನ್ನೆರಡು ಹದಿಮೂರು ವರ್ಷದ ಮಕ್ಕಳು ಸಹಾಯಕ್ಕೆ. ಅದರಲ್ಲಿ ಒಬ್ಬ ತಂಟೆಕೋರ, ಹಿಂದೆ ಹಿಂದೆ ಬಂದು ಅಂಗಿ ಎಳೆಯುವವನು. ಇವನನ್ನು ಸುಮ್ನೆ ಕೂರಿಸಬೇಕಲ್ಲ ಅಂತ ಬಾರ್ಕೈ ಅವನನ್ನು ಗೋರಿಯ ಕೆಳಗಿನ ಒಂದು ಕೋಣೆಗೆ ಇಳಿಸಿ, ನೆಲ ಚೊಕ್ಕ ಮಾಡು, ಫೋಟೊ ತೆಗೆಯಬೇಕು ಅಂದರು. ಹುಡುಗನಿಗೆ ಬೇಜಾರು ಬಂತು. ಸುತ್ತಿಗೆಯಲ್ಲಿ ನೆಲಕ್ಕೆ ಬಾರಿಸಿದ. ನೆಲ ಒಡೆಯಿತು. ಅದು ನೆಲವೇ ಆಗಿರಲಿಲ್ಲ, ಯಾವಾಗಲೋ ಕುಸಿದು ಬಿದ್ದ ಚಾವಣಿ. ಅದರ ಕೆಳಗೆ ಕಳ್ಳರ ಕೈಗೆ ಸಿಗದೆ ಉಳಿದ ಸಾವಿರಕ್ಕೂ ಹೆಚ್ಚು ವಸ್ತುಗಳು: ಮಡಕೆ, ಕುಡಿಕೆ, ಬೆಳ್ಳಿ ಒಡವೆ, ಬಾಣದ ತುದಿ, ಮೂಳೆ.

ಅದರಲ್ಲಿ ಎರಡು ಪುಟ್ಟ ಬೆಳ್ಳಿ ಸುರುಳಿಗಳು. ಬೀಡಿ ಸುತ್ತಿದ ಹಾಗೆ ಸುತ್ತಿದ ತೆಳ್ಳಗಿನ ತಗಡು. ನಡುವೆ ದಾರ ಪೋಣಿಸಲು ತೂತು. ತಾಯತ ಅಂದರೆ ನಮಗೆ ಬೇರೆ ವಿವರಣೆ ಬೇಡ. ಬಿಡಿಸಲು ಮೂರು ವರ್ಷ ಹಿಡಿಯಿತು. ಬಿಡಿಸಿದ ಮೇಲೆ ದೊಡ್ಡದು 97 ಮಿಲಿಮೀಟರ್ ಉದ್ದ, ಚಿಕ್ಕದು 39. ತಗಡಿನ ಮೇಲೆ ಕೂದಲೆಳೆಯಂಥ ಗೀರುಗಳು, ಹಳೇ ಹೀಬ್ರೂ ಅಕ್ಷರ. ಓದಿದರೆ ಅರಣ್ಯಕಾಂಡದ 6ನೇ ಅಧ್ಯಾಯದ ಆಶೀರ್ವಾದ: ಯೆಹೋವನು ನಿನ್ನನ್ನು ಹರಸಿ ಕಾಪಾಡಲಿ, ತನ್ನ ಮುಖದ ಬೆಳಕನ್ನು ನಿನ್ನ ಮೇಲೆ ಬೀರಲಿ. ಯೆಹೂದಿಗಳ ಮನೆಗಳಲ್ಲಿ ಈಗಲೂ ಶುಕ್ರವಾರ ಸಂಜೆ ಮಕ್ಕಳ ತಲೆ ಮೇಲೆ ಕೈ ಇಟ್ಟು ಹೇಳುವ ಮಾತು ಇದು. ಸಿಕ್ಕಿರುವ ಬೈಬಲ್ ಪಾಠಗಳಲ್ಲಿ ಇದಕ್ಕಿಂತ ಹಳೆಯದು ಇಲ್ಲ. ಮೃತ ಸಮುದ್ರದ ದಡದ ಗುಹೆಗಳಲ್ಲಿ ಸಿಕ್ಕ ಹೆಸರಾಂತ ಬೈಬಲ್ ಸುರುಳಿಗಳಿಗಿಂತ ಸುಮಾರು 400 ವರ್ಷ ಹಿಂದಿನದು. 2004ರಲ್ಲಿ ಹೊಸ ಬಗೆಯ ಫೋಟೊ ತೆಗೆದು ಪರೀಕ್ಷಿಸಿದಾಗಲೂ ಕ್ರಿಸ್ತಪೂರ್ವ 7ನೇ ಶತಮಾನದ ಕೊನೆ ಅಥವಾ 6ನೇ ಶತಮಾನದ ಶುರು ಅನ್ನುವ ಕಾಲ ಗಟ್ಟಿಯಾಯಿತು.

ಅಂದರೆ ಹೆಚ್ಚು ಕಡಿಮೆ ಯೆರೆಮೀಯನ ಕಾಲ. ಅವನು ಕೊಲೆಯ ಕಣಿವೆ ಅಂತ ಕೂಗುತ್ತಿದ್ದ ತಗ್ಗಿನ ದಂಡೆಯಲ್ಲಿ ಯಾವುದೋ ಅನುಕೂಲಸ್ಥ ಮನೆಯವರು ತಮ್ಮವರನ್ನು ತಾಯತದ ಜೊತೆ ಮಲಗಿಸುತ್ತಿದ್ದರು. ನರಕದಲ್ಲಿ ಆಶೀರ್ವಾದ ಸಿಕ್ಕಿತು ಅಂತ ಇದನ್ನು ಪವಾಡದ ಹಾಗೆ ಹೇಳುವವರಿದ್ದಾರೆ. ನನಗೆ ಅದಕ್ಕಿಂತ ಸಪ್ಪೆಯಾದ ಪಾಠವೇ ಮುಖ್ಯ ಅನ್ನಿಸುತ್ತದೆ: ಆ ಕಾಲದ ಜನಕ್ಕೆ ಇದು ಊರಾಚೆಯ ಒಂದು ಮಾಮೂಲಿ ಹಳ್ಳ, ಸಾಹುಕಾರರು ಗೋರಿ ಮಾಡಿಕೊಳ್ಳುವಷ್ಟು ಮರ್ಯಾದಸ್ಥ ಜಾಗ. ಅಂದಹಾಗೆ ಆ ಅಗೆತದ ಜಾಗಕ್ಕೆ ಕೆತೆಫ್ ಹಿನ್ನೋಮ್ ಅಂತ ಹೆಸರು. ಕೆತೆಫ್ ಅಂದರೆ ಹೆಗಲು, ಮೇಲೆ ಚೆಕ್ಕುಬಂದಿಯಲ್ಲಿ ಬಂದ ಅದೇ ಪದ.

ಯೆರೆಮೀಯನಿಂದ ನರಕಕ್ಕೆ ಇನ್ನೂ ಸುಮಾರು ಐನೂರು ಆರುನೂರು ವರ್ಷದ ದಾರಿ ಇತ್ತು. ಹೀಬ್ರೂ ಗ್ರಂಥದಲ್ಲಿ ಸತ್ತವರು ಹೋಗುವ ಜಾಗ ಷಿಯೋಲ್. ಒಳ್ಳೆಯವರು ಕೆಟ್ಟವರು ಎಲ್ಲರೂ ಅಲ್ಲಿಗೇ, ಶಿಕ್ಷೆ ಗಿಕ್ಷೆ ಏನೂ ಇಲ್ಲ. ಪರ್ಷಿಯನ್ನರು ಹೋಗಿ ಗ್ರೀಕರು ಬಂದ ಕಾಲದಲ್ಲಿ, ಸತ್ತ ಮೇಲೆ ಪಾಪಿಗೆ ಬೇರೆ ಲೆಕ್ಕ, ಪುಣ್ಯವಂತನಿಗೆ ಬೇರೆ ಲೆಕ್ಕ ಅನ್ನುವ ಯೋಚನೆ ಬಲವಾಯಿತು. ಪಾಪಿಗಳಿಗೆ ಒಂದು ವಿಳಾಸ ಬೇಕಾಯಿತು. ಬೆಂಕಿ, ಹೆಣ, ಶಾಪ ಮೂರೂ ಆಗಲೇ ಅಂಟಿಕೊಂಡಿದ್ದ ಒಂದು ಹೆಸರು ಕೈಗೆಟುಕುವಷ್ಟು ಹತ್ತಿರ ಇತ್ತು. ಯೆಶಾಯ ಗ್ರಂಥದ ಕೊನೆಯ ವಾಕ್ಯದಲ್ಲಿ ಊರ ಹೊರಗೆ ಬಿದ್ದ ಹೆಣಗಳು, ಸಾಯದ ಹುಳ, ಆರದ ಬೆಂಕಿ ಬರುತ್ತವೆ. ಅಲ್ಲಿ ಹಿನ್ನೋಮಿನ ಹೆಸರಿಲ್ಲ. ಓದುವವರು ಜೋಡಿಸಿಕೊಂಡರು. ಮಾರ್ಕನ ಸುವಾರ್ತೆಯಲ್ಲಿ ಯೇಸು ಅದೇ ಹುಳ ಮತ್ತು ಬೆಂಕಿಯ ಮಾತು ಆಡುವಾಗ ಜಾಗದ ಹೆಸರು ಗೆಹೆನ್ನಾ ಅಂತಲೇ ಇದೆ.

ಪದ ಸವೆದು ಬಂದ ದಾರಿ ಹೀಗೆ. ಗೆ ಬೆನ್ ಹಿನ್ನೋಮ್ ಉದ್ದವಾಯಿತು ಅಂತ ಗೆ ಹಿನ್ನೋಮ್ ಆಯಿತು. ಅರಾಮಿಕ್ ಬಾಯಲ್ಲಿ ಗೆಹಿನ್ನಾಮ್. ಗ್ರೀಕಿನಲ್ಲಿ ಗೆಯೆನ್ನ, ಲ್ಯಾಟಿನ್ನಿನಲ್ಲಿ ಗೆಹೆನ್ನಾ. ಅರಬ್ಬಿಯಲ್ಲಿ ಹಳೇ "ಗ" ಧ್ವನಿ "ಜ" ಆಗುತ್ತದೆ. ಹೀಬ್ರೂದವರು ಒಂಟೆಗೆ ಗಾಮಾಲ್ ಅಂದರೆ ಅರಬರು ಜಮಲ್ ಅನ್ನುತ್ತಾರೆ. ಹಾಗೆ ಇದು ಜಹನ್ನಮ್ ಆಯಿತು. ನಡುವೆ ಇಥಿಯೋಪಿಯಾದ ಗೀಝ್ ಭಾಷೆಯ ಮೂಲಕ ಬಂದಿರಬಹುದು ಅನ್ನುವವರೂ ಇದ್ದಾರೆ. ಕುರಾನಿನಲ್ಲಿ ಈ ಪದ 70ಕ್ಕೂ ಹೆಚ್ಚು ಸಲ ಬರುತ್ತದೆ. ಅಲ್ಲಿಂದ ಫಾರಸಿ, ಉರ್ದು, ದಖನಿ, ಕೊನೆಗೆ ನಮ್ಮ ಓಣಿಯ ಖಾಲಾ ಮತ್ತು ಅವರ ಮೇಕೆ.

ಕನ್ನಡ ಬೈಬಲ್ಲಿನಲ್ಲಿ ಮಾತ್ರ ಈ ದಾರಿ ಕಾಣುವುದಿಲ್ಲ. ಹಳೇ ಒಡಂಬಡಿಕೆಯಲ್ಲಿ ತಗ್ಗಿನ ಹೆಸರು ಹಾಗೇ ಉಳಿದಿದೆ, ಸುವಾರ್ತೆಗಳಲ್ಲಿ ಅದು ನರಕ ಆಗಿದೆ. ಎರಡೂ ಒಂದೇ ಪದ ಅಂತ ಓದುಗನಿಗೆ ಗೊತ್ತಾಗುವ ಹಾಗಿಲ್ಲ. ಆದರೂ ನಮ್ಮ ಅನುವಾದಕರನ್ನು ಮೆಚ್ಚಬೇಕಾದ ಒಂದು ಜಾಗ ಇದೆ. 1611ರ ಹೆಸರಾಂತ ಇಂಗ್ಲಿಷ್ ಅನುವಾದ ಷಿಯೋಲಿಗೂ ಎಷ್ಟೋ ಕಡೆ ಗೆಹೆನ್ನಾಗೂ ಒಂದೇ ಪದ ಹಾಕಿ ಎರಡನ್ನೂ ಕಲಸಿಬಿಟ್ಟಿತು. ಕನ್ನಡದಲ್ಲಿ ಷಿಯೋಲ್ ಪಾತಾಳ, ಗೆಹೆನ್ನಾ ನರಕ. ನಮ್ಮ ಭಾಷೆಯಲ್ಲಿ ಕೆಳಲೋಕಕ್ಕೊಂದು, ಶಿಕ್ಷೆಗೊಂದು ಪದ ಮೊದಲೇ ಇತ್ತಲ್ಲ, ಅದು ಉಪಯೋಗಕ್ಕೆ ಬಂತು.

ಇನ್ನೊಂದು ವಿಷಯ. ಯೆಹೂದಿ ಪಂಡಿತರ ಗೆಹಿನ್ನೋಮ್ ಶಾಶ್ವತವಾದದ್ದೇ ಆಗಬೇಕಿಲ್ಲ. ಕೆಟ್ಟವರ ಶಿಕ್ಷೆ 12 ತಿಂಗಳು ಅಂತ ರಬ್ಬಿ ಅಕೀವ ಹೇಳಿದ ಮಾತು ಮಿಷ್ನಾ ಅನ್ನುವ ಹಳೇ ಧರ್ಮಸಂಹಿತೆಯಲ್ಲಿ ಇದೆ. ತೀರಿಕೊಂಡ ಅಪ್ಪ ಅಮ್ಮನಿಗಾಗಿ ಮಕ್ಕಳು ಕದ್ದಿಷ್ ಪ್ರಾರ್ಥನೆಯನ್ನು 11 ತಿಂಗಳಿಗೇ ನಿಲ್ಲಿಸುವ ವಾಡಿಕೆ ಇದರಿಂದಲೇ ಬಂತು. ಪೂರ್ತಿ 12 ತಿಂಗಳು ಹೇಳಿದರೆ ನಮ್ಮ ಅಪ್ಪ ಅಷ್ಟು ಕೆಟ್ಟವನು ಅಂತ ನಾವೇ ಒಪ್ಪಿಕೊಂಡ ಹಾಗಾಗುತ್ತದಲ್ಲ! ಮಿಷ್ನಾವನ್ನೂ ಅದರ ಮೇಲಿನ ಪಂಡಿತರ ಚರ್ಚೆಯನ್ನೂ ಒಳಗೊಂಡ ತಾಲ್ಮುದಿನಲ್ಲಿ ಇನ್ನೊಂದು ಕಡೆ, ಬೆನ್ ಹಿನ್ನೋಮಿನ ತಗ್ಗಿನಲ್ಲಿ ಎರಡು ಖರ್ಜೂರದ ಮರ ಇವೆ, ನಡುವೆ ಹೊಗೆ ಏಳುತ್ತದೆ, ಅದೇ ಗೆಹಿನ್ನೋಮಿನ ಬಾಗಿಲು ಅಂತ ಬರುತ್ತದೆ. ಹೆಸರು ಪರಲೋಕಕ್ಕೆ ಹೋದ ಮೇಲೂ ಒಂದು ಕಾಲು ಇದೇ ನೆಲದ ಮೇಲೆ ಇತ್ತು ಅಂತಾಯಿತು.

ಈಗ ಎಲ್ಲರೂ ಹೇಳುವ ಕಸದ ಕತೆಗೆ ಬರೋಣ. ಯಾವುದೇ ಧರ್ಮೋಪದೇಶ, ಯಾವುದೇ ಯೂಟ್ಯೂಬ್ ವಿಡಿಯೋ ನೋಡಿ, ಇದು ಇರುತ್ತದೆ: ಯೇಸುವಿನ ಕಾಲದಲ್ಲಿ ಗೆಹೆನ್ನಾ ಅಂದರೆ ಜೆರುಸಲೇಮಿನ ಕಸದ ತಿಪ್ಪೆ, ಹಗಲು ರಾತ್ರಿ ಬೆಂಕಿ ಉರಿಯುತ್ತಿತ್ತು, ಅದಕ್ಕೇ ನರಕಕ್ಕೆ ಆ ಹೆಸರು. ಕೇಳಲು ಚೆನ್ನಾಗಿದೆ. ಮಂಡೂರಿನ ತಿಪ್ಪೆ ನೋಡಿದ ಬೆಂಗಳೂರಿನವರಿಗೆ ತಕ್ಷಣ ಅರ್ಥವಾಗುತ್ತದೆ ಕೂಡ. ಆದರೆ ಯೇಸುವಿನ ಕಾಲದ ಯಾವ ಬರಹದಲ್ಲೂ ಇದಿಲ್ಲ. ಹೀಬ್ರೂ ಗ್ರಂಥದಲ್ಲಿಲ್ಲ, ಸುವಾರ್ತೆಯಲ್ಲಿಲ್ಲ, ಆ ಊರನ್ನು ಇಂಚಿಂಚು ಬಣ್ಣಿಸಿದ ಇತಿಹಾಸಕಾರ ಜೋಸೆಫಸನಲ್ಲಿಯೂ ಇಲ್ಲ. ಈ ಕತೆಯ ಹೆಸರಾಂತ ಹಳೇ ಮೂಲ ಅಂತ ಎಲ್ಲರೂ ಹೋಗಿ ಮುಟ್ಟುವುದು ದಕ್ಷಿಣ ಫ್ರಾನ್ಸಿನ ನಾರ್ಬೋನಿನಲ್ಲಿದ್ದ ರಬ್ಬಿ ದಾವಿದ್ ಕಿಮ್ಹಿಯನ್ನು. ಅವರು 27ನೇ ಕೀರ್ತನೆಗೆ ವ್ಯಾಖ್ಯಾನ ಬರೆದದ್ದು ಕ್ರಿಸ್ತಶಕ 1200ರ ಆಸುಪಾಸು. ಯೇಸುವಿಗೂ ಅವರಿಗೂ ನಡುವೆ ಸುಮಾರು 1200 ವರ್ಷ.

ನಿಜವಾದ ತಿಪ್ಪೆಯೂ ಸಿಕ್ಕಿದೆ. ಮೊದಲನೇ ಶತಮಾನದ ಜೆರುಸಲೇಮಿನ ಕಸವನ್ನು ಪುರಾತತ್ವಜ್ಞರು ಪದರ ಪದರವಾಗಿ ಅಗೆದು, ಮಡಕೆ ಚೂರು, ನಾಣ್ಯ, ಪ್ರಾಣಿಮೂಳೆ ಎಲ್ಲ ಎಣಿಸಿದ್ದಾರೆ. ಅದು ಇದ್ದದ್ದು ಮೂಡಣದಲ್ಲಿ, ಕಿದ್ರೋನ್ ಕಣಿವೆಯ ಕಡೆಯ ಇಳಿಜಾರಿನಲ್ಲಿ. ಪಕ್ಕದ ಕಣಿವೆ. ಕಸದ ಕತೆ ಇಷ್ಟು ಬೇಗ ಹರಡಿದ್ದು ಯಾಕೆ ಅಂತ ಯೋಚಿಸಿದರೆ, ಅದು ನಮ್ಮಂಥವರಿಗೆ ಹಿತವಾಗಿದೆ ಅನ್ನಿಸುತ್ತದೆ. ಮಕ್ಕಳನ್ನು ಸುಟ್ಟ ನೆನಪು, ಆ ನೆನಪಿನ ಮೇಲೆ ಕಟ್ಟಿದ ಶಿಕ್ಷೆ ಇವೆಲ್ಲ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಕಸ, ಮುನ್ಸಿಪಾಲಿಟಿ, ಹೊಗೆ ಅಂದರೆ ಸಲೀಸು.

ಹೆಸರು ಕಣಿವೆಯಿಂದ ಕಣಿವೆಗೆ ಜಾರಿದ್ದೂ ಇದೆ. ಮಧ್ಯಯುಗದಲ್ಲಿ ಅನೇಕರು ವಾದಿ ಜಹನ್ನಮ್ ಅಂತ ಕರೆದದ್ದು ಈ ಹಳ್ಳವನ್ನಲ್ಲ, ಮೂಡಣದ ಕಿದ್ರೋನನ್ನು. 1047ರಲ್ಲಿ ಅಲ್ಲಿಗೆ ಹೋದ ಪರ್ಷಿಯಾದ ಕವಿ, ಪ್ರವಾಸಿ ನಾಸಿರ್ ಖುಸ್ರೋ ಬರೆದಿರುವುದು ನನಗೆ ತುಂಬಾ ಇಷ್ಟ. ಕಣಿವೆಯ ಅಂಚಿಗೆ ನಿಂತರೆ ನರಕದಲ್ಲಿರುವವರ ಕೂಗು ಕೇಳಿಸುತ್ತದೆ ಅಂತ ಊರಿನ ಜನ ಅನ್ನುತ್ತಾರೆ. ನಾನೂ ಹೋಗಿ ನಿಂತೆ, ಏನೂ ಕೇಳಿಸಲಿಲ್ಲ. ಇಷ್ಟೇ ಬರೆದು ಮುಂದಿನ ವಿಷಯಕ್ಕೆ ಹೋಗುತ್ತಾನೆ ಪುಣ್ಯಾತ್ಮ.

ಇನ್ನು ಈಗಿನ ಕಾಲ. 16ನೇ ಶತಮಾನದಲ್ಲಿ ತುರ್ಕರ ಸುಲ್ತಾನ ಸುಲೈಮಾನ್ ಹಳ್ಳದ ಮೇಲ್ಭಾಗದಲ್ಲಿದ್ದ ಕೆರೆಯನ್ನು ರಿಪೇರಿ ಮಾಡಿಸಿದ. ಅದಕ್ಕೆ ಸುಲ್ತಾನನ ಕೆರೆ ಅಂತಲೇ ಹೆಸರು. ಈಗ ನೀರಿಲ್ಲ, ಸಂಗೀತ ಕಾರ್ಯಕ್ರಮ ನಡೆಯುವ ಬಯಲು ರಂಗಮಂದಿರ. 1948ರ ಯುದ್ಧದಲ್ಲಿ ಹಳ್ಳ ಎರಡು ಸೈನ್ಯಗಳ ನಡುವೆ ಸಿಕ್ಕಿಕೊಂಡಿತು. ಸಿಯೋನ್ ಬೆಟ್ಟದ ಮೇಲಿದ್ದ ಇಸ್ರೇಲಿ ಸೈನಿಕರಿಗೆ ಸಾಮಾನು ಕಳಿಸಲು, ಗಾಯಾಳುಗಳನ್ನು ತರಲು ಆ ಡಿಸೆಂಬರಿನಲ್ಲಿ ಹಳ್ಳದ ಮೇಲೆ ಉಕ್ಕಿನ ಹಗ್ಗ ಕಟ್ಟಿದರು, ಸುಮಾರು 200 ಮೀಟರ್. ರಾತ್ರಿ ಮಾತ್ರ ಎಳೆಯುತ್ತಿದ್ದರು, ಬೆಳಗಾಗುವ ಮುಂಚೆ ಯಾರಿಗೂ ಕಾಣದ ಹಾಗೆ ನೆಲಕ್ಕೆ ಇಳಿಸುತ್ತಿದ್ದರು. ಮುಂದೆ 1967ರವರೆಗೆ ಹಳ್ಳದ ಕೆಲವು ಭಾಗ ಯಾರದೂ ಅಲ್ಲದ ನೆಲ. ಯೆಹೋಶುವನ ಚೆಕ್ಕುಬಂದಿಯಲ್ಲಿದ್ದ ಹಾಗೆ ಮತ್ತೆ ಗಡಿ. 1967ರ ಯುದ್ಧದ ನಂತರ ಇಸ್ರೇಲ್ ಮೂಡಣ ಜೆರುಸಲೇಮನ್ನು ತನ್ನೊಳಗೆ ಸೇರಿಸಿಕೊಂಡಿತು. ಹೆಚ್ಚಿನ ದೇಶಗಳು ಅದನ್ನು ಒಪ್ಪಿಲ್ಲ.

2019ರಲ್ಲಿ ಇಸ್ರೇಲ್ ಸರ್ಕಾರ ಇನ್ನೊಂದು ಹಗ್ಗಕ್ಕೆ ಒಪ್ಪಿಗೆ ಕೊಟ್ಟಿತು. ಇದು ಪ್ರವಾಸಿಗಳಿಗೆ. ಹಳೇ ರೈಲ್ವೆ ನಿಲ್ದಾಣದಿಂದ ಹೊರಟು, ಹಿನ್ನೋಮ್ ಕಣಿವೆ ದಾಟಿ, ಯೆಹೂದಿಗಳು ಪ್ರಾರ್ಥನೆ ಮಾಡುವ ಪಶ್ಚಿಮ ಗೋಡೆಗೆ ಹತ್ತಿರದ ಬಾಗಿಲಿನವರೆಗೆ ಕೇಬಲ್ ಕಾರ್, ಸುಮಾರು 1.4 ಕಿಲೋಮೀಟರ್, ಗಂಟೆಗೆ 3,000 ಜನ. ಟ್ರಾಫಿಕ್ ಕಡಿಮೆಯಾಗುತ್ತದೆ ಅನ್ನುವುದು ಸರ್ಕಾರದ ವಾದ. ಕೋಟೆಯ ನೋಟ ಹಾಳಾಗುತ್ತದೆ ಅಂತ ವಾಸ್ತುಶಿಲ್ಪಿಗಳು, ಪುರಾತತ್ವಜ್ಞರು ವಿರೋಧಿಸಿದರು. ಮನೆಗಳ ನೆತ್ತಿಯ ಮೇಲೆ ಡಬ್ಬಿ ಓಡುತ್ತದೆ ಅಂತ ಸಿಲ್ವಾನಿನವರು. ಇವರ ಜೊತೆ ನಾನು ನಿರೀಕ್ಷಿಸದೇ ಇದ್ದವರು ಕರಾಯಿಟರು. ತಾಲ್ಮುದನ್ನು ಒಪ್ಪದೆ ಬರೀ ಹೀಬ್ರೂ ಗ್ರಂಥವನ್ನು ಒಪ್ಪುವ ಪುಟ್ಟ ಯೆಹೂದಿ ಪಂಗಡ ಅದು. ಅವರ ಹಳೇ ಸ್ಮಶಾನ ಈ ಹಳ್ಳದಲ್ಲಿದೆ, ಕೇಬಲ್ ಕಾರ್ ಹೋಗುವುದು ಅದರ ಮೇಲೇ. ಸತ್ತವರ ತಲೆ ಮೇಲೆ ಏನಾದರೂ ಹಾದುಹೋದರೆ ಮೈಲಿಗೆ, ಆಮೇಲೆ ನಾವು ಅಲ್ಲಿ ಹೂಳುವ ಹಾಗಿಲ್ಲ ಅಂತ ಕೋರ್ಟಿಗೆ ಹೋದರು. 2022ರ ಮೇ ತಿಂಗಳಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟ್ ಎಲ್ಲರ ಅರ್ಜಿಗಳನ್ನೂ ತಳ್ಳಿಹಾಕಿತು. 2023ರಲ್ಲಿ ಸಿಯೋನ್ ಬೆಟ್ಟಕ್ಕೂ ಆಚೆ ದಡಕ್ಕೂ ನಡುವೆ 200 ಮೀಟರಿನ ತೂಗುಸೇತುವೆ ತೆರೆಯಿತು.

ಹಳ್ಳದ ಕೆಳಗಿನ ತುದಿ, ಆಲಿವ್ ತೋಟಗಳ ಭಾಗ, ಇದಕ್ಕಿಂತ ಬಿಗಿ. ಜೆರುಸಲೇಮ್ ಗೋಡೆಗಳ ಸುತ್ತ 1974ರಲ್ಲಿ ಘೋಷಿಸಿದ ರಾಷ್ಟ್ರೀಯ ಉದ್ಯಾನದೊಳಗೆ ಅದು ಬರುತ್ತದೆ. ಉದ್ಯಾನ ಪ್ರಾಧಿಕಾರ ಮತ್ತು ಎಲಾದ್ ಅನ್ನುವ ಸಂಸ್ಥೆ ಅಲ್ಲಿ ಮೆಟ್ಟಿಲು ಜಮೀನಿನ ಕಲ್ಲುಕಟ್ಟೆ ಸರಿ ಮಾಡುತ್ತಿವೆ, ಗಿಡ ನೆಡುತ್ತಿವೆ, ಬೈಬಲ್ ಕಾಲದ ಬೇಸಾಯ ಹೇಗಿತ್ತು ಅಂತ ತೋರಿಸುವ ತೋಟ ಮಾಡಿವೆ. ಮೂಡಣ ಜೆರುಸಲೇಮಿನಲ್ಲಿ ಯೆಹೂದಿ ವಸತಿ ಬೆಳೆಸುವುದು ಎಲಾದ್ ಸಂಸ್ಥೆಯ ಘೋಷಿತ ಕೆಲಸಗಳಲ್ಲಿ ಒಂದು. ಪಾಳು ಬಿದ್ದ ನೆಲವನ್ನು ಎಲ್ಲರಿಗೂ ಬೇಕಾದ ಹಸಿರು ಜಾಗ ಮಾಡುತ್ತಿದ್ದೇವೆ ಅನ್ನುವುದು ಇವರ ಮಾತು. ಅದು ಪಾಳು ಅಲ್ಲ, ನಮ್ಮ ಅಜ್ಜಂದಿರ ಆಲಿವ್ ಮರಗಳು, ತೋಟಗಾರಿಕೆ ಅಂತ ಆದೇಶ ತಂದು ನಮ್ಮನ್ನೇ ಆಚೆ ಇಡುತ್ತಿದ್ದೀರಿ ಅನ್ನುವುದು ಸಿಲ್ವಾನಿನ ಮನೆಗಳವರ ಮಾತು. ನಕ್ಷೆಯ ಮೇಲೆ ಒಬ್ಬರ ಹೆಸರು ಯೆಹೋಶುವನ ಗ್ರಂಥದಿಂದ ಬಂದದ್ದು, ಇನ್ನೊಬ್ಬರದು ಅಲ್ಲೇ ಉತ್ತು ಬಿತ್ತಿದವರ ಬಾಯಿಂದ ಬಂದದ್ದು. ಹಳೇ ಹೆಸರು ಗೆಲ್ಲಬೇಕು ಅನ್ನುವುದಾದರೆ ಎಷ್ಟು ಹಳೇದು ಅನ್ನುವ ಪ್ರಶ್ನೆ ಏಳುತ್ತದೆ. ಹಿನ್ನೋಮ್ ಕೂಡ, ಇಸ್ರೇಲರು ಬರುವ ಮುಂಚೆ ಆ ಊರು ಯೆಬೂಸಿಯರದ್ದಾಗಿದ್ದಾಗಿನ ಯಾವನೋ ಜಮೀನುದಾರ ಇರಬಹುದಲ್ಲ.

ಹಾಗಾಗಿ ಈ ಜಾಗದ ಸುದ್ದಿ ಕಣ್ಣಿಗೆ ಬಿದ್ದರೆ ಮೊದಲ ಸಾಲಿನಲ್ಲಿ ಯಾವ ಹೆಸರಿದೆ ನೋಡಿ. ಉಳಿದ ಸುದ್ದಿ ಯಾವ ದಡದಲ್ಲಿ ನಿಂತು ಬರೆದದ್ದು ಅಂತ ಅಲ್ಲೇ ಅರ್ಧ ಗೊತ್ತಾಗುತ್ತದೆ. ಅಂದಹಾಗೆ ರಬಾಬಾ ಅಂದರೆ ಅರಬರ ಒಂದು ತಂತಿವಾದ್ಯ, ಕಮಾನಿನಲ್ಲಿ ನುಡಿಸುವುದು. ಒಂದೇ ಹಳ್ಳಕ್ಕೆ ಮಗು ಅಳುವುದು ಕೇಳಿಸದಿರಲಿ ಅಂತ ಬಾರಿಸಿದ ತಮಟೆಯ ಹೆಸರೂ ಇದೆ, ಪಿಟೀಲಿನ ಅಜ್ಜನ ಹೆಸರೂ ಇದೆ.